ದಾದಿಮಾ ನುಂಗದ ಗುಳಿಗೆ

"ಗುಳಿಗಿ ದಿನಾ ತಗೊಳ್ಳಾಕತ್ತಾರೇನವಾ?" ಡಾಕ್ಟರು ಕೇಳಿದ್ದು ಮೊಮ್ಮಗಳು ಉಮೈಮಾಳನ್ನೇ.

"ಹೂಂ ಸರ್. ಊಟ ಆದಮ್ಯಾಲೆ ನಾನ ಕೊಡ್ತೇನಿ."

ಡಾಕ್ಟರು ರಿಪೋರ್ಟ್ ನೋಡಿ ಉಸ್ಸೆಂದರು. ದಾದಿಮಾಳ ಶುಗರ್ ಇಳಿಯುವುದಿರಲಿ, ಏರಿ ಕೂತಿತ್ತು. ಕಾಲಿನ ಗಾಯ ಮಾಯುತ್ತಿರಲಿಲ್ಲ. ಹೀಗೇ ಆದರೆ ಬೆರಳು ತೆಗೆಯಬೇಕಾದೀತು ಎಂದರು. ಹೊಲಿಗೆ ಕೆಲಸ ಬಿಟ್ಟು ಬಂದಿದ್ದ ಉಮೈಮಾಳ ಅಮ್ಮಿ ಗೋಡೆಗೆ ಒರಗಿದಳು. ಸವಣೂರಿನಲ್ಲಿ ಅವಳು ಹತ್ತದ ದವಾಖಾನೆ ಮೆಟ್ಟಿಲೇ ಉಳಿದಿರಲಿಲ್ಲ, ಪಾಪ.

ದಾದಿಮಾ ಕಾಲು ನೋವೆಂದು ಹೊರಗೆ ಬೆಂಚಿನ ಮೇಲಿದ್ದಳು. ಉಮೈಮಾ ಧೈರ್ಯ ಮಾಡಿ ಕೇಳಿಯೇಬಿಟ್ಟಳು. ಔಷಧ ಅಂಗಡಿಯ ಹೊಳಬಸಪ್ಪ ದಾದಿಮಾಳ ಎದುರಿಗೇ ಈ ಗುಳಿಗೆಯನ್ನು ಮಲೇರಿಯಾ ಗುಳಿಗೆ ಎಂದಿದ್ದನಲ್ಲ, ಅದು ಶುಗರಿಗೆ ಹೇಗಾದೀತು?

ಡಾಕ್ಟರಿಗೆ ಮೊದಲ ಸಲ ನಗು ಬಂತು. "ಮೊದಲ ಮಲೇರಿಯಾಕ್ಕ ಕೊಡ್ತಿದ್ವಿ, ಖರೇ. ಆಮ್ಯಾಲೆ ಅದು ಶುಗರಿಗೂ ಆಗತೈತಿ ಅಂತ ಗೊತ್ತಾತು. ಮೈಯಾಗ ಇನ್ಸುಲಿನ್ ಬರಾಕ ನೆರವು ಮಾಡತೈತಿ. ಆದ್ರ ನುಂಗಿದ್ರ ಅಷ್ಟ."

ಕೊನೆಯ ಮಾತು ಉಮೈಮಾಳಿಗೆ ಚುಚ್ಚಿತು. ದಿನಾ ಗುಳಿಗೆ ಕೈಗಿಟ್ಟು ಟಿವಿ ಮುಂದೆ ಓಡುತ್ತಿದ್ದವಳು ಅವಳೇ.

ಅಂದು ಊಟವಾದ ಮೇಲೆ ಅವಳು ಓಡಲಿಲ್ಲ, ಬಾಗಿಲ ಮರೆಯಲ್ಲಿ ನಿಂತಳು. ದಾದಿಮಾ ನೀರನ್ನೇನೋ ಗಟಗಟ ಕುಡಿದಳು. ಗುಳಿಗೆ ಮಾತ್ರ ಸೆರಗಿನ ಗಂಟು ಸೇರಿತು. ಉಮೈಮಾಳಿಗೆ ಸಿಟ್ಟು ನೆತ್ತಿಗೇರಿತು. ಹೋಗಿ ಗಂಟು ಬಿಚ್ಚಿದರೆ ಗುಳಿಗೆಗಳು ಚಾಪೆಯ ಮೇಲೆಲ್ಲ ಉದುರಿದವು.

"ಯಾಕ ದಾದಿಮಾ? ಅಮ್ಮಿ ಎಷ್ಟ ಸುಸ್ತಾಗ್ಯಾಳ, ನೋಡೀರೇನು?"

ದಾದಿಮಾ ಒಂದೊಂದನ್ನೇ ಹೆಕ್ಕತೊಡಗಿದಳು. "ಹೋದ ಮಳಿಗಾಲದಾಗ ನಿನಗ ಮಲೇರಿಯಾ ಬಂದಿತ್ತಲ್ಲ ಬೇಟಾ. ನಾಕ್ ಕಂಬಳಿ ಹೊಚ್ಚಿದ್ರೂ ನಡುಗತಿದ್ದಿ. ಇನ್ನ ಮಳಿ ಹತ್ತಿದ್ರ ಸೊಳ್ಳಿ ಬರ್ತಾವು. ಮನಿಯಾಗ ಗುಳಿಗಿ ಇರಲಿ ಅಂತ ಕೂಡಿಟ್ಟೇನಿ. ನನ್ನ ಕಾಲೇನು, ಮುದುಕೀದು."

ಬಯ್ಯಬೇಕೆಂದು ಬಂದ ಉಮೈಮಾ ಚಾಪೆಯ ಮೇಲೆ ಅವಳ ಪಕ್ಕ ಕೂತಳು. ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಮೆಲ್ಲಗೆ ಬಿಡಿಸಿ ಹೇಳಿದಳು.

"ಹಂಗಾರ ಮಳಿಗಾಲದಾಗ ನಿನಗ?" ದಾದಿಮಾಳ ಚಿಂತೆ ಇನ್ನೂ ಅಲ್ಲೇ ಇತ್ತು.

"ನನಗ ಜ್ವರ ಬಂದ್ರ ದವಾಖಾನಿಗೆ ಕರಕೊಂಡ ಹೋಗೋರು ಯಾರ್ರಿ? ಅಮ್ಮಿ ಒಬ್ಬಾಕಿನ ಎಷ್ಟಂತ ಓಡ್ಯಾಡತಾಳ? ನಿಮ್ಮ ಕಾಲ ಬೇಕು ನನಗ."

ದಾದಿಮಾ ಒಂದು ಗುಳಿಗೆ ಬಾಯಿಗೆ ಹಾಕಿಕೊಂಡು ನೀರಿಗೆ ಕೈ ಚಾಚಿದಳು.