ಗಾಜಿನಾಚೆಯ ಪ್ರಶ್ನೆ

ಮೊದಲ ವಾರ ಜಗಳ, ಎರಡನೆಯ ವಾರ ನಗು, ಮೂರನೆಯ ವಾರ ಮೌನ. ಎಲ್ಲವೂ ಈ ಕ್ರಮದಲ್ಲೇ ನಡೆಯಿತು.

ಧ್ವನಿಮುದ್ರಣದ ಕೋಣೆಯೊಳಗೆ ಕುಳಿತು ಇಂಗ್ಲಿಷ್ ಪಾಠಗಳನ್ನು ಓದುವುದು ಅವಳ ಕೆಲಸ. ಪಾಠ ಬರೆದ ಯುವ ಶಿಕ್ಷಕ ಗಾಜಿನಾಚೆ, ಅವಳ ಚಿಕ್ಕಪ್ಪನ ಯಂತ್ರಗಳ ಪಕ್ಕದಲ್ಲಿ ಕೂರುತ್ತಿದ್ದ. ಅಲ್ಲಿನ ಕೆಂಪು ಗುಂಡಿ ಒತ್ತಿದರೆ ಮಾತ್ರ ಹೊರಗಿನ ಮಾತು ಒಳಗೆ ಕೇಳಿಸುತ್ತಿತ್ತು. ಕೇಳಿಸದಿದ್ದರೆ ಅವಳು ಅಡ್ಡಡ್ಡ ತಲೆಯಾಡಿಸುತ್ತಿದ್ದಳು.

ಪದದ ಆರಂಭದಲ್ಲಿ ಪುಟ್ಟ ತುಣುಕೊಂದನ್ನು ಸೇರಿಸಿ ಅರ್ಥವನ್ನೇ ಅಲ್ಲಗಳೆಯುವುದು ಹೇಗೆಂಬುದೇ ಪಾಠ.

"ಪಾಸಿಬಲ್... ಇಂಪಾಸಿಬಲ್..."

ಗುಂಡಿ ಕಟಕ್ಕೆಂದಿತು. "ಅಮ್ಮಾ ತಾಯಿ, ಇದು ಪಾಠ. ಸಾವಿನ ಸುದ್ದಿ ಅಲ್ಲ!"

"ಬರೆದಿರೋದೆಲ್ಲಾ ಬರೀ ಇಲ್ಲ, ಅಲ್ಲ. ಕುಣ್ಕೊಂಡು ಓದ್ಲಾ?"

ಚಿಕ್ಕಪ್ಪ ಮೀಸೆಯಡಿ ನಕ್ಕರು.

ಎರಡನೆಯ ವಾರ ಅವಳು 'ಅನ್‌ಹ್ಯಾಪಿ' ಎಂದಾಗ ಅವನು ಮುಖ ಊದಿಸಿ ತೋರಿಸಿದ. 'ಇಂಪೇಶೆಂಟ್' ಎಂದಾಗ ಕೈಗಡಿಯಾರ ತಟ್ಟಿದ. ನಗು ಉಕ್ಕಿ, ಓದು ಕೆಟ್ಟು, ಇಬ್ಬರೂ ಬೈಸಿಕೊಂಡರು.

ಆಮೇಲೆ... ಅವನು ತಲೆಯೆತ್ತುವುದನ್ನೇ ಬಿಟ್ಟ. "ಮುಂದಿನ ಪದ" ಎನ್ನುವುದನ್ನು ಬಿಟ್ಟರೆ ಬೇರೆ ಮಾತಿಲ್ಲ.

'ನನ್ನಿಂದೇನು ತಪ್ಪಾಯಿತು? ಇವತ್ತು ಕೊನೆಯ ಪಾಠ. ಇದು ಮುಗಿದರೆ ಮತ್ತೆ ಭೇಟಿಗೆ ನೆಪವೂ ಇಲ್ಲ!'

ಓದು ಮುಗಿಯಿತು. ಅವನು ಚೀಲ ಹೆಗಲಿಗೇರಿಸಿ ಹೊರಟ. ಅವಳು ಕಣ್ಣೊರೆಸಿಕೊಳ್ಳುತ್ತ ಹೊರಬಂದಳು.

"ಬೇಡ ಅಂದೋಳೂ ನೀನೇ, ಅಳೋಳೂ ನೀನೇ! ಏನು ಕಥೆ ಮಗಳೇ?" ಎಂದರು ಚಿಕ್ಕಪ್ಪ.

"ಏನು ಬೇಡ ಅಂದೆ?"

"ಹೋದ ವಾರ ನಾನು ಟೀ ತರ್ತಿದ್ದೆ. ಆಗ ಅವನು ನಿನ್ನನ್ನ ಮದುವೆ ಆಗ್ತೀರಾ ಅಂತ ಕೇಳಿದ. ನೀನು ಹೀಗೆ ಹೀಗೆ ತಲೆ ಆಡಿಸ್ದೆ."

"ಚಿಕ್ಕಪ್ಪಾ... ಅವರು ಗುಂಡಿ ಒತ್ತಿದ್ರಾ?"

ಅವರು ಕೆಂಪು ಗುಂಡಿಯತ್ತ ನೋಡಿ ಹಣೆ ಚಚ್ಚಿಕೊಂಡರು.

ಅವಳು ಮೆಟ್ಟಿಲಿನತ್ತ ಓಡಿ, ಅವನ ಚೀಲ ಹಿಡಿದೆಳೆದು ತಂದು ಕುರ್ಚಿಯಲ್ಲಿ ಕೂರಿಸಿದಳು. ಒಳಗೆ ಹೋಗಿ ಬಾಗಿಲು ಮುಚ್ಚಿ, ಹೆಡ್‌ಫೋನ್ ಧರಿಸಿದಳು.

"ಹೋದ ವಾರ ಕೇಳಿದ್ದನ್ನ ಈಗ ಕೇಳಿ. ಗುಂಡಿ ಒತ್ತಿ ಕೇಳಿ!"

ಅವನು ಗುಂಡಿಯನ್ನೇ ನೋಡಿದ. ಮುಖ ಕೆಂಪೇರಿತು. ಒತ್ತಿದ.

"ನನ್ನ... ಮದುವೆ ಆಗ್ತೀರಾ?"

"ಆಗ್ತೀನಿ."

ಅವನು ಅಡ್ಡಡ್ಡ ತಲೆಯಾಡಿಸಿದ.

ಅವಳು ಮೈಕಿನತ್ತ ಬಾಗಿದಳು. "ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು."

"ಆಗ್ತೀನಿ ಕಣ್ರೀ!"

ಚಿಕ್ಕಪ್ಪ ಕನ್ನಡಕ ಒರೆಸಿಕೊಂಡು, ಯಂತ್ರದ ಮುಳ್ಳುಗಳನ್ನು ನೋಡಿ ವರದಿ ಒಪ್ಪಿಸಿದರು:

"ಎರಡೂ ಕಡೆ ಧ್ವನಿ ಸ್ಪಷ್ಟವಾಗಿದೆ."