ಮುತ್ತಿಯ ಕೊರಳ ಗಾಯ

ಸೋಮವಾರ ಬೆಳಗ್ಗೆ 6.20. ಬೆಕ್ಕಿನ ಕೊರಳಲ್ಲಿ ಹೊಸ ಗಾಯಗಳಿದ್ದವು.

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಕೊನೆಯ ಸಾಲು. ಹಿನ್ನೀರಿನ ಮಂಜು ಇನ್ನೂ ಅಂಗಳ ಬಿಟ್ಟಿರಲಿಲ್ಲ. ಎದುರಿನ ಮನೆಗಳು ನೀರಿನೊಳಗೆ ನಿಂತಂತೆ ಕಾಣುತ್ತಿದ್ದವು. ಕಾಲುವೆ ಕಚೇರಿಯ ಗುಮಾಸ್ತೆ ರೇಣುಕಾದೇವಿ ದೀಪ ಹಾಕಿದಳು. ಗೋಣಿಚೀಲದ ಮೇಲೆ ಮುತ್ತಿ ಮಲಗಿತ್ತು. ಹಾಲುಬಿಳುಪು ಮೈ, ಒಂದು ಕಣ್ಣು ನೀಲಿ, ಇನ್ನೊಂದು ಹಳದಿ. ಶುಕ್ರವಾರ ಕಂಡ ಗಾಯ ಗದ್ದದ ಕೆಳಗೆ ಹಕ್ಕಳೆ ಕಟ್ಟಿತ್ತು. ಅದರ ಪಕ್ಕದಲ್ಲೇ ನೀರು ತುಂಬಿದ ಹೊಸ ಗುಳ್ಳೆಗಳು.

ಯಾರ ಕೆಲಸ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಪಕ್ಕದ ಮನೆಯ ಪಕೀರಪ್ಪ ಅಂಗಳದಲ್ಲಿ ಮೀನು ಒಣಗಿಸುತ್ತಾನೆ. ಮುತ್ತಿ ಕದಿಯುತ್ತದೆ. ಹೋದ ವಾರ ನಲ್ಲಿಯ ಬಳಿ ಎಲ್ಲರೆದುರು ಅವನು ಬಿಸಿನೀರು ಸುರಿಯುವುದಾಗಿ ಹೇಳಿದ್ದ. ಪಕೀರಪ್ಪ ದಿನಗೂಲಿಯವನು. ಮನೆ ಅವನ ಹೆಸರಿನಲ್ಲಿರಲಿಲ್ಲ. ಕಚೇರಿ ಸಾಹೇಬರ ಬಾಯಿಮಾತಿನ ಮೇಲೆ ಇದ್ದ. ಒಂದು ದೂರು ಹೋದರೆ ಸಾಕು, ಖಾಲಿ ಮಾಡಬೇಕು. ರೇಣುಕಾದೇವಿ ಆ ದೂರನ್ನು ಬರೆದು ಮಡಚಿ ಚೀಲದಲ್ಲಿಟ್ಟುಕೊಂಡಳು. ಕಚೇರಿ ತೆರೆಯುವುದು ಹತ್ತು ಗಂಟೆಗೆ.

ರೇಣುಕಾದೇವಿ ಫೋನ್ ಮಾಡಿದ್ದಕ್ಕೆ 7.15ಕ್ಕೆ ಭವ್ಯಳ ಸ್ಕೂಟರ್ ಬಂತು. ಕಂಪ್ಲಿ ಕಡೆ ಕೆಲಸ ಮಾಡುವ ಪಶುವೈದ್ಯೆ, ಹೊಸಪೇಟೆಯಲ್ಲಿ ಮನೆ. ಅವಳು ಮೊದಲು ಮುತ್ತಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಕಣ್ಣು ಅರ್ಧ ಮುಚ್ಚಿ ಬೆಕ್ಕಿನ ಗುರುಗುರು ಕೇಳಿದಳು. ದೂರದಲ್ಲಿ ಕಾಲುವೆ ಹರಿಯುತ್ತಿತ್ತು. ಎರಡೂ ಒಂದೇ ಸದ್ದಿನಂತಿದ್ದವು.

ರೇಣುಕಾದೇವಿಯ ಅತ್ತೆ ಚೆನ್ನಬಸಮ್ಮ ಚಹಾ ತಂದು ಕೊಟ್ಟರು. ಎಡಗೈಯಲ್ಲಿ ಲೋಟ, ಬಲಗೈ ಸೆರಗಿನೊಳಗೆ. ಭವ್ಯ ಎರಡು ಕೈ ಚಾಚಿ ಲೋಟ ತೆಗೆದುಕೊಂಡಳು.

“ಶುಕ್ರವಾರದಿಂದ ಮುತ್ತಿ ಹೊರಗ ಹೋಗೈತೇನು, ರೇಣುಕಕ್ಕಾ?”

“ಇಲ್ಲವ್ವ. ಬಾಗಿಲಾ ಹಾಕೀನಿ. ಹಿಂದಿನ ಕಿಟಕಿಯಿಂದ ಸುರುವ್ಯಾನ ಅವ.”

ಭವ್ಯ ಕಿಟಕಿಗೆ ಹೋದಳು. ಅದಿರು ಲಾರಿಗಳ ಕೆಂಪು ಧೂಳು ಕಟ್ಟೆಯ ಮೇಲೆ ಪುಡಿಯಾಗಿಯೇ ಕೂತಿತ್ತು. ನೀರು ಬಿದ್ದಿದ್ದರೆ ಕೆಸರಾಗಿ ಒಣಗುತ್ತಿತ್ತು. ಗೋಣಿಚೀಲದಲ್ಲೂ ತೇವವಿಲ್ಲ. ಅವಳು ಕೈಗವಸು ಹಾಕಿಕೊಂಡು ಮುತ್ತಿಯ ರೋಮ ಬಿಡಿಸಿದಳು. ಬೆನ್ನು ಸ್ವಚ್ಛ. ಗಾಯಗಳೆಲ್ಲ ಕೊರಳ ಕೆಳಗೆ, ಅರ್ಧ ಬಳೆಯಂತೆ. ಇನ್ನೊಂದು ಗುಳ್ಳೆ ಹಿಂಗಾಲಿನ ಉಗುರಿನ ಬುಡದಲ್ಲಿ. ಎದೆಯ ಬಿಳಿ ರೋಮದ ಮೇಲೆ ಒಂದು ಕಪ್ಪು ಕಲೆ.

“ಗ್ರೀಸ್ ಇರಬೇಕು,” ಎಂದಳು ರೇಣುಕಾದೇವಿ. “ಮಾರೇಶನ ಲಾರಿ ಕೆಳಗ ಮಲಗತಿತ್ತು.”

ಭವ್ಯ ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ ಕಲೆಯನ್ನು ಒರೆಸಿದಳು. ಕಲೆ ಕರಗಲಿಲ್ಲ. ಹತ್ತಿ ಬೆಳ್ಳಗೇ ಉಳಿಯಿತು.

ಮಾರೇಶ್ ಎದುರು ಮನೆಯವನು. ಯಶವಂತನಗರದಿಂದ ಅದಿರು ಹೊರುವ ಲಾರಿಯ ಚಾಲಕ. ಮಂಜಿನಲ್ಲಿ ಗಾಜು ಒರೆಸುತ್ತಿದ್ದ. ಭವ್ಯ ಕಪ್ಪು ಕಲೆಯ ಬಗ್ಗೆ ಕೇಳಿದ್ದಕ್ಕೆ ನಕ್ಕ.

“ನನ್ನ ಲಾರಿ ಕೆಂಪು ಕೊಡತೈತ್ರಿ ಡಾಕ್ಟ್ರೇ. ಕರೀದು ಬೇಕಂದ್ರ ಬ್ಯಾರೆ ಲಾರಿ ನೋಡ್ರಿ.”

ಅವನ ಬಂಪರಿನಲ್ಲಿ ಬುಧವಾರದ ಅಮಾವಾಸ್ಯೆಗೆ ಕಟ್ಟಿದ ದೃಷ್ಟಿದಾರ ತೂಗುತ್ತಿತ್ತು. ನಿಂಬೆಹಣ್ಣು, ಹಸಿಮೆಣಸಿನಕಾಯಿ, ಕೆಳಗೆ ಒಂದು ಕರಿ ಬೀಜ. ಭವ್ಯ ಅದರ ಮುಂದೆ ಸ್ವಲ್ಪ ಹೊತ್ತು ನಿಂತಳು. ಬೀಜದ ತುದಿಯಲ್ಲಿ ಮಂಜಿನ ಹನಿಯೊಂದು ಬೀಳದೆ ಕಾದಿತ್ತು.

“ಇಂಥಾ ಬೀಜ ನಿಮ್ಮ ಹತ್ರ ಯಾರರ ಇಸ್ಕೊಂಡಾರೇನು?”

ಮಾರೇಶ್ ತಲೆ ಕೆರೆದುಕೊಂಡ. ಹೆಸರು ಹೇಳಿದ. ಭವ್ಯ ತಲೆಯಾಡಿಸಿ ಪಕೀರಪ್ಪನ ಬಾಗಿಲಿಗೆ ಹೋದಳು.

ಅವನು ಆಗಲೇ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದ. ದೂರಿನ ಸುದ್ದಿ ಗೋಡೆ ದಾಟಿ ಬಂದಿತ್ತು.

“ಬಿಸಿನೀರು ಹಾಕ್ತೀನಿ ಅಂದಿದ್ದು ಖರೇನ್ರಿ?”

“ಖರೇರಿ. ಬಾಯಿ ಅಂದೈತಿ. ಕೈ ಏನೂ ಮಾಡಿಲ್ಲ.” ಅವನು ಟ್ರಂಕಿನ ಕಡೆ ನೋಡುತ್ತ ಹೇಳಿದ. “ನಾಕ್ ದಿನಾತು, ಮೀನು ಕದಿಯೋರಿಲ್ಲ. ಅದರ ಪಾಲು ಅಲ್ಲೇ ಬಿದ್ದೈತಿ.”

8.40ಕ್ಕೆ ಭವ್ಯ ಎಲ್ಲರನ್ನೂ ರೇಣುಕಾದೇವಿಯ ಪಡಸಾಲೆಯಲ್ಲಿ ಕೂರಿಸಿದಳು. ಪಕೀರಪ್ಪ ಹೊಸ್ತಿಲ ಹೊರಗೇ ನಿಂತ. ಮಂಜು ತೆಳುವಾಗಿ, ಬಿಸಿಲು ಹಾಲಿನ ಬಣ್ಣದಲ್ಲಿ ಒಳಗೆ ಬರುತ್ತಿತ್ತು.

“ಬಿಸಿನೀರು ಮ್ಯಾಲಿಂದ ಬೀಳತೈತಿ. ಬೆನ್ನು ಸುಡಬೇಕಿತ್ತು, ಸುಟ್ಟಿಲ್ಲ. ಮೂರು ದಿನ ಬೆಕ್ಕು ಒಳಗೈತಿ, ಗಾಯ ಹೊಸಾದು. ಅಂದ್ರ ಮಾಡಿದವರೂ ಒಳಗಿನವರೇ.”

ರೇಣುಕಾದೇವಿಯ ಮುಖ ಬಿಗಿಯಿತು. “ಒಳಗ ನಾನು, ನಮ್ಮ ಅತ್ತಿ. ಇಬ್ಬರ.”

“ಅಜ್ಜಿ,” ಭವ್ಯಳ ದನಿ ಮೆತ್ತಗಾಯಿತು, “ಬೆಳಿಗ್ಗೆ ನನಗ ಚಹಾ ಎಡಗೈಲೆ ಕೊಟ್ರಿ. ಮನಿಗೆ ಬಂದವರಿಗೆ ನೀವು ಹಂಗ ಕೊಡೋರಲ್ಲ. ಬಲಗೈ ತೋರಸ್ತೀರೇನು?”

ಚೆನ್ನಬಸಮ್ಮ ಸೆರಗು ಸರಿಸಿದರು. ಹೆಬ್ಬೆರಳು, ತೋರುಬೆರಳಿನ ನಡುವೆ ಗುಳ್ಳೆಗಳಿದ್ದವು. ಸುತ್ತ ಕಪ್ಪು ಕಲೆ. ರೊಟ್ಟಿಯ ಹಂಚು ತಾಗಿತೆಂದು ಅವರು ಸೊಸೆಗೆ ಹೇಳಿದ್ದರು.

“ಅದು ಕೇರುಬೀಜದ ಕಲಿ, ಮಾರೇಶನ ಲಾರಿಗೆ ಕಟ್ಟಿದ್ದಂಥಾ ಬೀಜ,” ಎಂದಳು ಭವ್ಯ. “ಹಿಂದಕ ಅಗಸರು ಬಟ್ಟಿಗೆ ಗುರ್ತು ಹಾಕ್ತಿದ್ರಲ್ಲ, ಅದ. ಗುರ್ತು ನೀರಿಗೂ ಹೋಗಂಗಿಲ್ಲ, ಎಣ್ಣಿಗೂ ಹೋಗಂಗಿಲ್ಲ. ಚುಚ್ಚಿದ್ರ ರಸ ಬರತೈತಿ, ರಸ ಚರ್ಮ ಸುಡತೈತಿ. ಲಾರಿ ಬಂಪರಿಗೆ ಚರ್ಮ ಇಲ್ಲ. ಮುತ್ತಿಗೈತಿ. ಕೆರಕೊಂಡು ಕಾಲಿಗೂ ಹತ್ತೈತಿ.”

ಚೆನ್ನಬಸಮ್ಮ ನೆಲ ನೋಡುತ್ತ ಹೇಳತೊಡಗಿದರು. ಡ್ಯಾಮಿನ ತೋಟ ನೋಡಲು ಬಂದವರೆಲ್ಲ ಎರಡು ಬಣ್ಣದ ಕಣ್ಣಿನ ಬೆಕ್ಕಿನ ಫೋಟೋ ತೆಗೆಯುತ್ತಿದ್ದರು. ದೃಷ್ಟಿ ತಾಗುತ್ತದೆಂಬ ಭಯ. ಹಿಂದೊಮ್ಮೆ ಬಾಗಿಲಿಗೆ ಕಟ್ಟಿದ್ದ ದಾರವನ್ನು ಸೊಸೆ ಕಿತ್ತೆಸೆದಿದ್ದಳು. ಅದಕ್ಕೇ ಸೊಸೆ ಮಲಗಿದ ಮೇಲೆ ಮಾರೇಶನಿಂದ ಇಸಿದುಕೊಂಡ ಬೀಜ ಪೋಣಿಸಿ ಬೆಕ್ಕಿಗೆ ಕಟ್ಟುವುದು, ಅವಳು ಏಳುವ ಮೊದಲೇ ಬಿಚ್ಚುವುದು. ಶುಕ್ರವಾರ ಗಾಯ ಕಂಡಾಗ ದೃಷ್ಟಿ ಜೋರಾಗಿದೆ ಎಂದುಕೊಂಡರು. ಶನಿವಾರ ಎರಡು ಬೀಜ ಕಟ್ಟಿದರು. ತಮ್ಮ ಕೈಯ ಗುಳ್ಳೆಯೂ ದೃಷ್ಟಿಯದೇ ಎಂದುಕೊಂಡು ಮುಚ್ಚಿಟ್ಟರು.

“ಚೊಲೋ ಆಗ್ಲಿ ಅಂತ ಕಟ್ಟಿದ್ದೆವ್ವಾ,” ಎಂದರು. ಆಮೇಲೆ ಹೊಸ್ತಿಲ ಕಡೆ ತಿರುಗಿದರು. “ಬೀಜದಿಂದ ಅಂತ ಗೊತ್ತಿರ್ಲಿಲ್ಲಪ್ಪಾ. ನೀ ಅಲ್ಲ ಅಂತ ಮಾತ್ರ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.”

ಪಕೀರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಭವ್ಯ ಗಾಯದ ಸುತ್ತಲಿನ ರೋಮ ಕತ್ತರಿಸಿದಳು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದಳು. ಹಕ್ಕಳೆ ಕೀಳಬಾರದು, ಅರಿಶಿನ ಹಚ್ಚಬಾರದು, ನೆಕ್ಕದಂತೆ ನೋಡಿಕೊಳ್ಳಬೇಕು ಎಂದಳು. ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಕೊರಳಪಟ್ಟಿ ಮಾಡಿದಳು. ಅಜ್ಜಿಯ ಕೈಯನ್ನು ಅದೇ ದಿನ ಡಾಕ್ಟರಿಗೆ ತೋರಿಸಲು ಹೇಳಿದಳು. ರಟ್ಟಿನ ನಡುವೆ ಮುತ್ತಿ ಕಣ್ಣು ಮುಚ್ಚಿತು — ಮೊದಲು ಹಳದಿ, ಆಮೇಲೆ ನೀಲಿ.

ರೇಣುಕಾದೇವಿ ಚೀಲದಿಂದ ದೂರು ತೆಗೆದು ಒಲೆಗೆ ಹಾಕಿದಳು. ಪಕೀರಪ್ಪನಿಗೆ ಚಹಾ ತಾನೇ ಒಯ್ದು ಕೊಟ್ಟಳು. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. “ಸಕ್ರಿ ಸಾಲದಿದ್ರ ಹೇಳ್ರಿ,” ಎಂದಳು. ಅದುವರೆಗೆ ಅವಳು ಅವನಿಗೆ ಬಹುವಚನ ಹಚ್ಚಿರಲಿಲ್ಲ.

ಹಕ್ಕಳೆ ಹದಿನಾರನೆಯ ದಿನ ಉದುರಿತು. ಹದಿನೇಳನೆಯ ದಿನ ಬೆಳಗ್ಗೆ 6.20ಕ್ಕೆ ಪಕೀರಪ್ಪನ ಅಂಗಳದಲ್ಲಿ ಒಂದು ಮೀನು ಕಡಿಮೆಯಿತ್ತು.