ಏರಿಗೆ ಮುಂಚೆ ಗೇರು

ಮಂಡಿಯ ಆಪರೇಷನ್ ಆಗಿ ಆರು ತಿಂಗಳಿಗೆ, ತೀರಿಹೋದ ಅಕ್ಕನ ಸೈಕಲ್ಲನ್ನು ರಿಪೇರಿ ಅಂಗಡಿಯಿಂದ ಹೇಳದೆ ಕೇಳದೆ ತೆಗೆದುಕೊಂಡು ಕೆರೆದಂಡೆಯ ಗುಡ್ಡದ ಹಾದಿ ಹಿಡಿದೆ. ಅಂಗಡಿಯವನು ಹೊರಗೆಲ್ಲೋ ಹೋಗಿದ್ದ. ಅಲ್ಲಿನ ಮೂರು ಏರು ಹತ್ತಲಾಗದಿದ್ದರೆ ಸೈಕಲ್ಲನ್ನು ಮಾರಿಬಿಡುವುದೆಂದು ತೀರ್ಮಾನಿಸಿದ್ದೆ.

ಮೊದಲ ಏರು ಇನ್ನೂ ಕಂಡಿರಲಿಲ್ಲ, ಕಟಕ್ ಎಂದು ಗೇರು ಇಳಿದು ಪೆಡಲ್ ಹಗುರಾಯಿತು. ನಾನು ಬಲಗಡೆಯ ಹಿಡಿಯ ಪಕ್ಕದ ಗೇರ್ ಲಿವರ್ ಮುಟ್ಟಿರಲಿಲ್ಲ. ಹಳೇ ಸೈಕಲ್ಲು, ತಾನಾಗಿ ಜಾರಿರಬೇಕು ಎಂದುಕೊಂಡೆ. ಎರಡನೆಯ ಏರಿಗೂ ಕಟಕ್. ಬೆಳಗಿನ ಕೆರೆಗಾಳಿಗೆ ಎಡಗೈ ಮರಗಟ್ಟಿತ್ತು. ಬಲಗಡೆಯ ಹಿಡಿ ಮಾತ್ರ ಯಾರೋ ಈಗಷ್ಟೇ ಕೈಬಿಟ್ಟ ಹಾಗೆ ಬೆಚ್ಚಗಿತ್ತು. “ಏರು ಬರೋಕೆ ಮುಂಚೆ ಗೇರು ಕಣೇ, ಆಮೇಲಲ್ಲ,” ಎಂದು ಅಕ್ಕ ಸದಾ ತಲೆ ತಿನ್ನುತ್ತಿದ್ದಳು. ಮೂರನೆಯ ಏರಿಗೆ ನಾನೇ ಕಾದೆ. ಕಟಕ್. ಮಂಡಿ ಒಮ್ಮೆಯೂ ನೋಯಲಿಲ್ಲ.

ವಾಪಸು ಬಂದಾಗ ಅಂಗಡಿಯವನು ಮುಖ ಗಂಟು ಹಾಕಿಕೊಂಡು ನಿಂತಿದ್ದ. ಗುಡ್ಡದ ಮೂರೂ ಏರು ಹತ್ತಿ ಬಂದೆ ಎಂದೆ. “ಗೇರ್ ಕೇಬಲ್ಲೇ ಬಿಚ್ಚಿಟ್ಟಿದೀನಿ, ಅದಿಲ್ದೆ ಗೇರು ಬದಲಾಗೋದೇ ಇಲ್ಲ. ಏರು ಹೆಂಗೆ ಹತ್ತಿದ್ರಿ?” ಎಂದು ಮೊಳೆಗೆ ತೂಗುಹಾಕಿದ್ದ ಕೇಬಲ್ ತೋರಿಸಿದ. ಅದನ್ನು ಹಾಕಲು ಕೈಗೆತ್ತಿಕೊಂಡವನನ್ನು, “ಇರ್ಲಿ ಬಿಡಿ,” ಎಂದು ತಡೆದೆ.

ಕೇಬಲ್ ಇವತ್ತಿಗೂ ಅದೇ ಮೊಳೆಯಲ್ಲಿದೆ. ಪ್ರತಿ ಭಾನುವಾರ ನಾನು ಮೂರೂ ಏರು ಹತ್ತುತ್ತೇನೆ.